ಲೆಕ್ಕದ ಪುಸ್ತಕವೇ ಕೈಕೋಳವಾದಾಗ

(ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪೌರಹಕ್ಕುಗಳನ್ನು ತುಳಿಯಲು ಲಾಠಿ, ಗುಂಡುಗಳೇ ಬೇಕೆಂದು ನಾವು ತಿಳಿದಿದ್ದೇವೆ. ಒಂದು ಸರ್ಕಾರಿ ಮೊಹರೂ ಸಾಕು. ಬೆಲರೂಸ್ ದೇಶದಲ್ಲಿ ನಡೆದುದನ್ನು ಕೇಳಿರಿ.

1996ರಲ್ಲಿ ಅಲ್ಲಿನ ಸರ್ಕಾರ ಪ್ರತಿಭಟನೆಗೆ ಇಳಿದವರನ್ನು ಸೆರೆಮನೆಗೆ ತಳ್ಳಿತು. ಆಗ ಅಲೆಸ್ ಬಿಯಾಲಿಯಾಟ್‌ಸ್ಕಿ ಎಂಬವರು 'ವಿಯಸ್ನಾ' ಸಂಘ ಕಟ್ಟಿದರು. ವಿಯಸ್ನಾ ಎಂದರೆ ವಸಂತ. ಸೆರೆಯಾದವರಿಗೂ ಅವರ ಮನೆಮಂದಿಗೂ ನೆರವಾಗುವುದೇ ಅದರ ಕೆಲಸ. 2003ರಲ್ಲಿ ಸಂಘದ ನೋಂದಣಿ ರದ್ದಾಯಿತು. ನೋಂದಣಿಯಿಲ್ಲದ ಸಂಘಕ್ಕೆ ಬ್ಯಾಂಕಿನ ಖಾತೆ ಎಲ್ಲಿಯದು? ವಿಧಿಯಿಲ್ಲದೆ ಅವರು ನೆರೆಯ ಲಿಥುವೇನಿಯಾ, ಪೋಲೆಂಡುಗಳಲ್ಲಿ ಸಂಘದ ಹಣವನ್ನು ಸ್ವಂತ ಹೆಸರಿನಲ್ಲಿಟ್ಟರು. ಆ ಎರಡು ದೇಶಗಳ ಅಧಿಕಾರಿಗಳೇ ಖಾತೆಯ ವಿವರವನ್ನು ಬೆಲರೂಸಿಗೆ ಒಪ್ಪಿಸಿಬಿಟ್ಟರು! ತೆರಿಗೆ ವಂಚನೆಯೆಂದು 2011ರಲ್ಲಿ ನಾಲ್ಕೂವರೆ ವರ್ಷದ ಶಿಕ್ಷೆ.

ಬಾಗಿಲಿಗೆ ಬೀಗ ಜಡಿದವರೇ, ಹಿತ್ತಿಲಿನಿಂದ ಬಂದವನನ್ನು ಕಳ್ಳನೆಂದು ಹಿಡಿದರು. ದಿನವೂ ಕಿರ್ದಿ ಬರೆಯುವ ವರ್ತಕ ಮಿತ್ರರಿಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

2014ರಲ್ಲಿ ಹೊರಬಂದವರು ಮತ್ತೆ ಅದೇ ಕೆಲಸ ಹಿಡಿದರು. 2021ರಲ್ಲಿ ಮತ್ತೆ ದಸ್ತಗಿರಿ. 2022ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರು ಸೆರೆಮನೆಯಲ್ಲಿದ್ದರು. ಅವರ ಪರವಾಗಿ ಪತ್ನಿ ಅದನ್ನು ಸ್ವೀಕರಿಸಿದರು. 2023ರಲ್ಲಿ ಹತ್ತು ವರ್ಷದ ಶಿಕ್ಷೆಯಾಯಿತು. 2025ರ ಡಿಸೆಂಬರಿನಲ್ಲಿ ಬಿಡುಗಡೆಯಾದುದು ನ್ಯಾಯಾಲಯದ ತೀರ್ಪಿನಿಂದಲ್ಲ. ಆ ದೇಶದ ಪೊಟ್ಯಾಷ್ ಗೊಬ್ಬರದ ಮೇಲಿನ ನಿರ್ಬಂಧ ತೆಗೆಯಲು ಅಮೆರಿಕ ಒಪ್ಪಿದ್ದರಿಂದ! ಮನುಷ್ಯನ ಸ್ವಾತಂತ್ರ್ಯ ಗೊಬ್ಬರದ ತಕ್ಕಡಿಗೆ ಬಿತ್ತು.

ಗಿರಣಿಯ ಬಂಧುಗಳೇ, ಇದು ವಿದ್ಯಾವಂತರ ಜಗಳ, ನಮಗೇನು ಎನ್ನಬೇಡಿ. ಮಾನವ ಹಕ್ಕಿನ ಸಂಘಗಳನ್ನು ಮುಗಿಸಿದ ಕೈ ಮಜೂರರ ಸಂಘಗಳತ್ತಲೂ ಚಾಚಿತು. 2022ರ ಜುಲೈಯಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ಸ್ವತಂತ್ರ ಕಾರ್ಮಿಕ ಸಂಘಗಳನ್ನು ವಿಸರ್ಜಿಸಿತು. ಅವುಗಳ ಒಕ್ಕೂಟದ ಅಧ್ಯಕ್ಷರಿಗೆ ನಾಲ್ಕು ವರ್ಷದ ಸೆರೆಯಾಯಿತು. 2023ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಸಂವಿಧಾನದ 33ನೆಯ ವಿಧಿಯನ್ನು, ಬಲು ಅಪರೂಪದ ಆ ಅಸ್ತ್ರವನ್ನು, ಬೆಲರೂಸಿನ ಮೇಲೆ ಪ್ರಯೋಗಿಸಿತು. ಸರ್ಕಾರವೇ ಮಾಲೀಕನಾದ ಕಾರ್ಖಾನೆಯಲ್ಲೂ ಮಜೂರನಿಗೆ ಸ್ವತಂತ್ರ ಸಂಘ ಬೇಕು. ಸಮಾಜವಾದಿಗಳಾದ ನಾವು ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಬೇಕು.

ನಾವು ಮಾಡಬೇಕಾದುದೇನು? ನಮ್ಮ ಚಂದಾ ಹಣದ ಲೆಕ್ಕವನ್ನು ಸಭೆಯಲ್ಲಿ ಪೈಸೆ ಪೈಸೆಯಾಗಿ ಓದೋಣ. ಯಾವ ಸಂಘದ ನೋಂದಣಿ ಕಿತ್ತರೂ, ಅದು ನಮಗೆ ಒಪ್ಪದ ಸಂಘವಾದರೂ ಸರಿಯೆ, ಕಾರಣವೇನೆಂದು ಕೇಳೋಣ. ಇಂದು ಅವರ ಬಾಗಿಲಿಗೆ ಬಿದ್ದ ಬೀಗದ ಕೈ ನಾಳೆ ನಮ್ಮ ಬಾಗಿಲಿಗೂ ಹೊಂದುತ್ತದೆ.