ಮಾತಿಗೆ ಬೆಲೆ ಕಟ್ಟಿದ ಕಥೆ

ಖಿನ್ನತೆಗೆ ಮಾತ್ರೆ ತೆಗೆದುಕೊಂಡರೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಔಷಧಿ ಅಂಗಡಿಯವರು ಚೀಟಿ ನೋಡಿಯೇ ಹೇಳಿಬಿಡುತ್ತಾರೆ. ಆದರೆ ಅದೇ ಕಾಯಿಲೆಯವರ ಎದುರು ವಾರಕ್ಕೊಮ್ಮೆ ಅರ್ಧ ಗಂಟೆ ಕೂತು, ಬರೀ ಮಾತಿನಿಂದ ವಾಸಿ ಮಾಡಲು ಹೊರಟರೆ? ಅದೂ ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ, ಅದೇ ಸೀಮೆಯ ಒಬ್ಬ ಸಾಮಾನ್ಯ ಹೆಣ್ಣುಮಗಳು ಮಾತಾಡಿದರೆ? ಅದಕ್ಕೆ ಹಾಕಿದ ದುಡ್ಡು ಸಾರ್ಥಕವೇ? ಈ ಲೆಕ್ಕವನ್ನು ನಮ್ಮ ಕಾರವಾರದ ಆಚೆಗಿನ ಗೋವಾದಲ್ಲೇ ಮಾಡಿದ್ದಾರೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಕಥೆಯ ನಾಯಕರು ಡಾ. ವಿಕ್ರಮ್ ಪಟೇಲ್. ಮುಂಬೈಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಕಲಿತ ಮನೋವೈದ್ಯರು. 1990ರ ದಶಕದ ಮೊದಲಲ್ಲಿ ಆಫ್ರಿಕಾದ ಜಿಂಬಾಬ್ವೆಗೆ ಹೋದರು. ಅಲ್ಲಿ ಕೋಟಿ ಜನಕ್ಕೆ ಇದ್ದ ಮನೋವೈದ್ಯರು ಸುಮಾರು ಹತ್ತು ಮಂದಿ. ಖಿನ್ನತೆ ಅನ್ನುವುದು ಪಾಶ್ಚಾತ್ಯರು ಹೆಸರಿಟ್ಟ ಕಾಯಿಲೆ, ಬಡವರ ದುಃಖ ಬೇರೆ ಎಂಬ ನಂಬಿಕೆಯಲ್ಲಿ ಹೋಗಿದ್ದವರು. ಹರಾರೆಯ ಕ್ಲಿನಿಕ್ಕುಗಳಲ್ಲಿ ಜನರ ಜೊತೆ ಕೂತು ಕೇಳಿದಾಗ ಆ ನಂಬಿಕೆ ನಿಲ್ಲಲಿಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ತಲೆಯಲ್ಲಿ ಒಂದೇ ಯೋಚನೆ ತಿರುಗುತ್ತಿದೆ ಅಂತ ಅಲ್ಲಿಯವರೂ ಹೇಳುತ್ತಿದ್ದರು.

1996ರಲ್ಲಿ ಗೋವಾದಲ್ಲಿ ಗೆಳೆಯರೊಂದಿಗೆ ಸೇರಿ ‘ಸಂಗಾತ್’ ಸಂಸ್ಥೆ ಕಟ್ಟಿದರು. 2003ರಲ್ಲಿ ಅವರ ತಂಡದ ಒಂದು ದೊಡ್ಡ ಅಧ್ಯಯನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ರೋಗಿಗಳಿಗೆ ಖಿನ್ನತೆಯ ಮಾತ್ರೆ, ಕೆಲವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ, ಇನ್ನು ಕೆಲವರಿಗೆ ಮಾತಿನ ಚಿಕಿತ್ಸೆ. ಎರಡು ತಿಂಗಳಾದ ಮೇಲೆ ನೋಡಿದರೆ ಗೆದ್ದದ್ದು ಮಾತ್ರೆ. ಮಾತಿನ ಚಿಕಿತ್ಸೆ ಹುಸಿ ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ಖರ್ಚಿನ ಲೆಕ್ಕದಲ್ಲೂ ಮಾತ್ರೆಯೇ ಲಾಭ. ಈ ಫಲಿತಾಂಶವನ್ನು ಅವರು ಮುಚ್ಚಿಡಲಿಲ್ಲ, ತಿರುಚಲಿಲ್ಲ. ಇದ್ದದ್ದನ್ನು ಇದ್ದಂತೆ ಅಚ್ಚು ಮಾಡಿಸಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ.

ಅದೇ 2003ರಲ್ಲಿ ಉಗಾಂಡಾದಿಂದ ತದ್ವಿರುದ್ಧ ಸುದ್ದಿ ಬಂತು. ಆರಿಸಿದ 30 ಹಳ್ಳಿಗಳ ಪೈಕಿ ಕೆಲವುಗಳಲ್ಲಿ, ಎರಡು ವಾರ ತರಬೇತಿ ಪಡೆದ ಸ್ಥಳೀಯರು ಜನರನ್ನು ಗುಂಪಾಗಿ ಕೂರಿಸಿ ಮಾತಾಡಿಸಿದ್ದರು. ಕೊನೆಗೆ ಖಿನ್ನತೆ ಉಳಿದದ್ದು ನೂರಕ್ಕೆ ಆರೇಳು ಮಂದಿಯಲ್ಲಿ. ಗುಂಪಿಲ್ಲದ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ. 2008ರಲ್ಲಿ ಪಾಕಿಸ್ತಾನದ ಹಳ್ಳಿಗಳ ಲೇಡಿ ಹೆಲ್ತ್ ವರ್ಕರ್‌ಗಳು ಬಾಣಂತಿಯರ ಮನೆಗೆ ಹೋಗಿ ಮಾತಿನಿಂದಲೇ ಖಿನ್ನತೆ ಇಳಿಸಿ ತೋರಿಸಿದರು.

ಪಟೇಲರ ತಂಡವೂ ಬಿಡಲಿಲ್ಲ. ‘ಮಾನಸ್’ ಎಂಬ ಹೆಸರಿನಲ್ಲಿ ಗೋವಾದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಖಾಸಗಿ ವೈದ್ಯರ ಕ್ಲಿನಿಕ್ಕುಗಳಲ್ಲೂ ಸ್ಥಳೀಯ ಆಪ್ತಸಮಾಲೋಚಕಿಯರನ್ನು ಕೂರಿಸಿದರು. 2010ರಲ್ಲಿ ಫಲಿತಾಂಶ ಬಂತು. ಖಾಸಗಿ ಕಡೆ ವ್ಯತ್ಯಾಸವೇ ಕಾಣಲಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಮಾತ್ರ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 66 ಜನ ಚೇತರಿಸಿಕೊಂಡಿದ್ದರು. ಸಮಾಲೋಚಕಿ ಇಲ್ಲದ ಕಡೆ 43ರ ಆಸುಪಾಸು. ಇಲ್ಲಿ ಖರ್ಚಿನ ಲೆಕ್ಕ ಹಾಕಿದ ರೀತಿ ಬಹಳ ಚೆನ್ನಾಗಿದೆ. ಸಮಾಲೋಚಕಿಯ ಸಂಬಳವನ್ನಷ್ಟೇ ಅವರು ಬರೆದುಕೊಳ್ಳಲಿಲ್ಲ. ರೋಗಿ ಆಸ್ಪತ್ರೆಯಲ್ಲಿ ಕಳೆಯುವ ಹೊತ್ತು, ಕೆಲಸಕ್ಕೆ ಹೋಗಲಾಗದ ದಿನಗಳು, ಇವಕ್ಕೂ ಬೆಲೆ ಕಟ್ಟಿದರು. ಎಲ್ಲ ಕೂಡಿಸಿ ನೋಡಿದರೆ ಸರ್ಕಾರಿ ಕೇಂದ್ರಗಳಲ್ಲಿ ಸಮಾಲೋಚಕಿ ಇದ್ದಾಗಲೇ ಒಟ್ಟು ಖರ್ಚು ಕಡಿಮೆ! ದಿನಗೂಲಿಯವರಿಗೆ ಖಿನ್ನತೆ ಬಂದರೆ ಮನೆಯಲ್ಲಿ ಏನಾಗುತ್ತದೆ ಅಂತ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಮಾನಸ್‌ನಲ್ಲಿ ಮಾತ್ರೆಯೂ ಜೊತೆಗಿತ್ತು. ಮಾತಿನ ಚಿಕಿತ್ಸೆಯನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದ್ದು ಆಮೇಲೆ, ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತೀವ್ರ ಖಿನ್ನತೆಯ 495 ಜನರ ಮೇಲೆ. ಅಲ್ಲಿ ಕೋಣೆಯೊಳಗೆ ನಡೆಯುವುದು ಇಷ್ಟೇ. ಸಂತೆಗೆ ಹೋಗುವುದನ್ನು ಬಿಟ್ಟು ಮೂಲೆ ಹಿಡಿದ ಒಬ್ಬಾಕೆ ಬಂದಿದ್ದಾರೆ ಅನ್ನಿ. ‘ಧೈರ್ಯ ತಗೊಳ್ಳಮ್ಮ’ ಅಂತ ಸಮಾಲೋಚಕಿ ಉಪದೇಶ ಮಾಡುವುದಿಲ್ಲ. ಮೊದಲು ಏನೇನು ಮಾಡುತ್ತಿದ್ದಿರಿ, ಯಾವುದು ನಿಂತಿದೆ ಅಂತ ಕೇಳುತ್ತಾರೆ. ಅದರಲ್ಲಿ ಒಂದೇ ಒಂದನ್ನು, ಪಕ್ಕದ ಮನೆಯವರೆಗೆ ನಡೆದು ಹೋಗುವಷ್ಟು ಸಣ್ಣದನ್ನು, ಈ ವಾರಕ್ಕೆ ಗೊತ್ತುಮಾಡುತ್ತಾರೆ. ಮುಂದಿನ ವಾರ, ಹೋದಿರಾ, ಹೋದ ಮೇಲೆ ಮನಸ್ಸು ಹೇಗಿತ್ತು ಅಂತ ವಿಚಾರಿಸುತ್ತಾರೆ. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಅಂತ ಕಾಯುವಂತಿಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ ಬರುತ್ತದೆ. ಆರರಿಂದ ಎಂಟು ಭೇಟಿ, ಮುಗಿಯಿತು. ಸಮಾಲೋಚಕರ ಮಾತು ರೆಕಾರ್ಡ್ ಆಗುತ್ತಿತ್ತು. ಅದನ್ನು ಜೊತೆಗಾರರೇ ಕೇಳಿ, ಇಲ್ಲಿ ನೀನು ಅವರನ್ನು ಮಾತಾಡಲು ಬಿಡಲಿಲ್ಲ, ಇಲ್ಲಿ ಚೆನ್ನಾಗಿ ಕೇಳಿಸಿಕೊಂಡೆ ಅಂತ ಪರಸ್ಪರ ಅಂಕ ಕೊಡುತ್ತಿದ್ದರು. ತಪ್ಪು ತಿದ್ದಲು ಪ್ರತಿ ಸಲ ತಜ್ಞರೇ ಬಂದು ಕೂರಬೇಕಿಲ್ಲವಲ್ಲ, ದೊಡ್ಡ ಉಳಿತಾಯ ಅಲ್ಲೇ.

ಮೂರು ತಿಂಗಳಲ್ಲಿ ನೂರಕ್ಕೆ 64 ಜನರ ಖಿನ್ನತೆ ಇಳಿದಿತ್ತು, ಮಾತಿನ ಚಿಕಿತ್ಸೆ ಸಿಗದವರಲ್ಲಿ 39. ಹಾಕಿದ ಹಣ ಸಾರ್ಥಕ ಅನ್ನುವ ಸಂಭವ ನೂರಕ್ಕೆ 87. ಇದೂ ಲ್ಯಾನ್ಸೆಟ್‌ನಲ್ಲೇ ಬಂತು, 2017ರಲ್ಲಿ. ಸೋಲನ್ನು ಅಚ್ಚು ಹಾಕಿಸಿದ ಹದಿನಾಲ್ಕು ವರ್ಷಕ್ಕೆ!

ನಮ್ಮ ಕರ್ನಾಟಕದ ಪಾಲೂ ಇದರಲ್ಲಿದೆ, ಅಷ್ಟೇ ಬೇಸರವೂ ಇದೆ. ತಜ್ಞರಿಗಾಗಿ ಕಾಯದೆ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಬಹುದು ಅಂತ ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಮಾಡಿ ತೋರಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದು ದೊಡ್ಡದಾಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಆಗ ಒತ್ತು ಬಿದ್ದದ್ದು ಕಾಯಿಲೆ ಗುರುತಿಸುವುದಕ್ಕೆ, ಮಾತ್ರೆ ತಲುಪಿಸುವುದಕ್ಕೆ. ಕೂತು ಮಾತಾಡುವ ಕೆಲಸ ಹಿಂದೆ ಉಳಿಯಿತು. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ ಇದ್ದೂ ಚಿಕಿತ್ಸೆ ಸಿಗದವರು ನೂರಕ್ಕೆ ಸುಮಾರು 85.

ಇನ್ನೊಂದು ಮಾತು ಹೇಳಲೇಬೇಕು. ಕಡಿಮೆ ಖರ್ಚು ಅಂದ ಕೂಡಲೇ ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿಬಿಡೋಣ ಅನ್ನುವವರಿದ್ದಾರೆ. ಆ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಗೋವಾದ ಲೆಕ್ಕದಲ್ಲಿ ಸಮಾಲೋಚಕಿಯ ಸಂಬಳವೂ ಸೇರಿತ್ತು. ಅದನ್ನು ಕೊಟ್ಟ ಮೇಲೂ ಲಾಭ ಅಂತಲೇ ಬಂದ ಲೆಕ್ಕ ಅದು. ನಮ್ಮ ಆರೋಗ್ಯ ಇಲಾಖೆ ಇದನ್ನು ತರುವುದಾದರೆ ಆ ಸಂಬಳದ ಸಾಲನ್ನೂ ಸೇರಿಸಿಯೇ ತರಲಿ.