ಇಲಿ ಪಾಷಾಣ ತಿಂದ ನಾಯಿ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೆ 96 ಭಾಗ ನುಚ್ಚಿಗೆ 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ ಇಲಿಗೆ ಇಡಿ ಎಂದು ನಿಮಗೆ ಹೇಳಿಕೊಡುವವರು ನಾವೇ. ಅದನ್ನು ಮನೆಯ ನಾಯಿ ತಿಂದರೆ ಏನು ಮಾಡಬೇಕೆಂಬುದನ್ನು ಮಾತ್ರ ಹೇಳದೆ ಬಿಡುತ್ತೇವೆ. ನಮ್ಮ ಮನೆಯ ನಾಯಿಯೇ ತಿಂದು ಸತ್ತ ಮೇಲೆ ನನಗೆ ಇದು ಅರಿವಾಯಿತು. ಗದ್ದೆಯ ಬದುವಿನ ಮೇಲೆ ಪೊಟ್ಟಣ ಬಿಟ್ಟು ಬಂದವನು ನಾನೇ. ಅದು ವಾಂತಿ ಮಾಡತೊಡಗಿದಾಗ, ಹೊಟ್ಟೆ ತಂಪಾಗಲೆಂದು ಮನೆಯಲ್ಲಿ ಹಾಲು ಕುಡಿಸಿದರು. ಇಷ್ಟು ಓದಿದ ನಾನೂ ಬೇಡವೆನ್ನಲಿಲ್ಲ.

ಹಾಲು ಏಕೆ ಕೂಡದು? ಈ ಕಪ್ಪು ಪುಡಿ ಜಠರದ ಆಮ್ಲಕ್ಕೆ ಸೋಕಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಇನ್ನಷ್ಟು ಒಸರುತ್ತದೆ, ಅನಿಲವೂ ಹೆಚ್ಚುತ್ತದೆ. ಆದ್ದರಿಂದ ಹಾಲು, ಅನ್ನ, ಮೊಟ್ಟೆ ಯಾವುದೂ ಬೇಡ. ಉಪ್ಪುನೀರು, ಹುಣಸೆರಸಗಳನ್ನು ಗಂಟಲಿಗೆ ಸುರಿಯುವುದೂ ಬೇಡ. ಒದ್ದಾಡುವ ಪ್ರಾಣಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ವಾಂತಿಯಿಂದಲೂ ಅದೇ ಅನಿಲ ಹೊಮ್ಮುತ್ತದೆ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರುತ್ತದೆ. ನಾಯಿಯನ್ನು ಗಾಳಿಯಾಡುವ ಬಯಲಿನಲ್ಲಿಡಿ, ಮಕ್ಕಳನ್ನು ದೂರ ಕಳಿಸಿ, ನೀವೂ ಬಗ್ಗಿ ಮೂಸಿ ನೋಡಬೇಡಿ. ಇದಕ್ಕೆ ಪ್ರತಿವಿಷವಿಲ್ಲ. ಕಾಲು ಗಂಟೆಯಲ್ಲೇ ಲಕ್ಷಣ ಕಾಣಿಸಬಹುದು, ಹಲವು ಗಂಟೆ ತಡವಾಗಿಯೂ ಕಾಣಿಸಬಹುದು. ತಿಂದದ್ದು ತಿಳಿದ ಕೂಡಲೇ ಹೊರಡಿ, ಕಾದು ನೋಡಬೇಡಿ.

ಅಂಗಡಿಯ ಬ್ರೋಮಾಡಿಯೋಲೋನ್ ಬಿಲ್ಲೆಯ ರೀತಿಯೇ ಬೇರೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮೂರು ದಿನ ನಾಯಿ ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ, ನೀವು ಬದುಕಿತು ಎಂದುಕೊಳ್ಳುತ್ತೀರಿ. ಆಮೇಲೆ ವಸಡಿನಲ್ಲಿ ರಕ್ತ, ಕಪ್ಪು ಮಲ, ಏದುಸಿರು. ಇದಕ್ಕೆ ವಿಟಮಿನ್ ಕೆ1 ಎಂಬ ಮದ್ದುಂಟು. ವೈದ್ಯರ ಸಲಹೆಯಂತೆ ವಾರಗಟ್ಟಲೆ ಕೊಡಬೇಕು. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕವಾದರೆ ಜೊಲ್ಲು, ನಡುಕ. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು.

ಒಂದೊಂದು ವಿಷಕ್ಕೆ ಒಂದೊಂದು ಚಿಕಿತ್ಸೆ ಇರುವುದರಿಂದ ಖಾಲಿ ಪೊಟ್ಟಣವನ್ನಾದರೂ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ತಿಂದಿತು ಎಂಬುದನ್ನೂ ಹೇಳಿರಿ. ಪಶು ಆಸ್ಪತ್ರೆ ದೂರವಿದ್ದರೆ 1962 ಸಂಖ್ಯೆಗೆ ಫೋನ್ ಮಾಡಿರಿ.

ಇನ್ನು ಮುಂದೆ ಪಾಷಾಣವಿಡುವ ದಿನ ನಾಯಿಯನ್ನು ಕಟ್ಟಿಹಾಕಿ. ಪೊಟ್ಟಣವನ್ನು ಬಿಲದೊಳಕ್ಕೆ ತಳ್ಳಿ ಬಾಯಿ ಮುಚ್ಚಿರಿ. ಮರುದಿನ ಬೆಳಗ್ಗೆ ಹೊರಗೆ ಉಳಿದ ಪಾಷಾಣವನ್ನೂ ಸತ್ತ ಇಲಿಗಳನ್ನೂ ಹೆಕ್ಕಿ ಆಳವಾಗಿ ಹೂಳಿರಿ. ಕೈಚೀಲ ಹಾಕಿಕೊಂಡೇ ಮಾಡಿ.