ದೀರ್ಘವ್ಯಾಧಿಯೂ ಬಾಳುವೆಯ ಅಳತೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ರೋಗಗಳಲ್ಲಿ ಬಂದು ಹೋಗುವುವು ಕೆಲವು. ಬಂದು ನಿಲ್ಲುವುವು ಕೆಲವು. ಮಧುಮೇಹ, ಉಬ್ಬಸ, ಸಂಧಿವಾತ, ರಕ್ತದ ಒತ್ತಡ ಮೊದಲಾದುವು ಎರಡನೆಯ ವರ್ಗಕ್ಕೆ ಸೇರಿದುವು. ವೈದ್ಯನು ಸಾಧಾರಣವಾಗಿ ಇವುಗಳನ್ನು ಬೇರುಸಹಿತ ಕೀಳಲಾರನು, ಹತೋಟಿಯಲ್ಲಿಡಬಲ್ಲನು. ಆದುದರಿಂದ, ರೋಗದೊಡನೆ ಈ ಮನುಷ್ಯನು ಹೇಗೆ ಬಾಳುತ್ತಿರುವನೆಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ. ಆ ಬಾಳುವೆಗೂ ಅಳತೆಯುಂಟೇ ಎಂಬುದು ನನ್ನ ಇಂದಿನ ವಿಷಯ.

ಜ್ವರವನ್ನೂ ರಕ್ತದ ಸಕ್ಕರೆಯನ್ನೂ ಅಳೆಯಲು ಉಪಕರಣಗಳಿವೆ. ನೋವು, ಪರಾಧೀನತೆ, ಮನಸ್ಸಿನ ಕುಗ್ಗು ಇವುಗಳಿಗೆ ರೋಗಿಯ ಮಾತೇ ಪ್ರಮಾಣ. 1940ರ ದಶಕದ ಕೊನೆಯಲ್ಲಿ ಅಮೆರಿಕೆಯ ಡಾಕ್ಟರ್ ಕಾರ್ನೋಫ್‌ಸ್ಕಿಯವರು ಅರ್ಬುದರೋಗಿಗಳ ಶಕ್ತಿಯನ್ನು ನೂರರಿಂದ ಸೊನ್ನೆಯವರೆಗೆ ಹತ್ತತ್ತರ ಮೆಟ್ಟಿಲುಗಳಲ್ಲಿ ಗುರುತಿಸುವ ಕ್ರಮವನ್ನು ತಂದರು. ಆದರೆ ಅಲ್ಲಿ ಅಂಕವನ್ನು ಕೊಡುವವನು ವೈದ್ಯನು. ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ಅನಂತರ ಬಂದುವು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿದ್ಧಪಡಿಸಿದ 26 ಪ್ರಶ್ನೆಗಳ ಪಟ್ಟಿಯು ದೇಹ, ಮನಸ್ಸು, ಜನಸಂಬಂಧ, ವಾಸದ ಪರಿಸರ ಎಂಬ ನಾಲ್ಕನ್ನೂ ವಿಚಾರಿಸುತ್ತದೆ.

ವೈದ್ಯನ ಎಣಿಕೆಯೊಂದೇ ಸಾಲದೇ? 1982ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪರಿಶೋಧನೆಯು ಇದಕ್ಕೆ ಉತ್ತರ ಹೇಳುತ್ತದೆ. ರಕ್ತದ ಒತ್ತಡಕ್ಕೆ ಔಷಧ ಸೇವಿಸುತ್ತಿದ್ದ 75 ಮಂದಿಯ ಬಾಳುವೆ ಹೇಗಾಗಿದೆಯೆಂದು ವೈದ್ಯರನ್ನೂ ರೋಗಿಗಳನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳಿದರು. ವೈದ್ಯರು, ಎಲ್ಲರೂ ಸುಧಾರಿಸಿರುವರೆಂದರು. ರೋಗಿಗಳಲ್ಲಿ ಹಾಗೆಂದವರು ನೂರಕ್ಕೆ 48 ಮಂದಿ. ಮನೆಯವರಾದರೋ ಹೆಚ್ಚುಕಡಮೆ ಎಲ್ಲರ ಸ್ಥಿತಿಯೂ ಕೆಟ್ಟಿತೆಂದರು. ಇವರಲ್ಲಿ ಯಾರೂ ಸುಳ್ಳಾಡಿದವರಲ್ಲ. ವೈದ್ಯರು ಒತ್ತಡದ ಅಂಕಿಯನ್ನು ನೋಡಿದರು. ಮನೆಯವರು ಸಿಡುಕನ್ನೂ ನಿರುತ್ಸಾಹವನ್ನೂ ಹಗಲಿರುಳು ಕಂಡರು.

ಪ್ರಶ್ನೆಯೂ ನಾಡಿಗೆ ಒಪ್ಪಬೇಕು. 1992ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ 36 ಪ್ರಶ್ನೆಗಳ ಪಟ್ಟಿಯು ಮಧ್ಯಮಶ್ರಮದ ಕೆಲಸಕ್ಕೆ ಗಾಲ್ಫ್ ಆಟವನ್ನೂ ಉದಾಹರಿಸುತ್ತದೆ. ನಮ್ಮ ರೈತನಿಗೆ ಅದರಿಂದೇನು? ಹೊಲದವರೆಗೆ ನಡೆಯಬಲ್ಲಿರಾ, ನೀರಿನ ಕೊಡವನ್ನೆತ್ತಬಲ್ಲಿರಾ, ನೆಲದ ಮೇಲೆ ಕುಳಿತು ಲಿಂಗಪೂಜೆಯನ್ನು ಮಾಡಬಲ್ಲಿರಾ ಎಂದು ಕೇಳಿದರೆ ಉತ್ತರವು ತಾನಾಗಿ ಹೊರಡುವುದು. ಮೊಳಕಾಲಿನ ನೋವಿನಿಂದ ಕಾಯಕವು ತಪ್ಪಿದವನ ಸಂಕಟವು ಯಾವ ರಕ್ತಪರೀಕ್ಷೆಯಲ್ಲಿಯೂ ಕಾಣದು.

ಒಂದೆಚ್ಚರಿಕೆಯನ್ನು ಹೇಳಬೇಕು. ಅಂಕವು ಕಡಮೆಯಾದ ಮಾತ್ರಕ್ಕೆ ಆ ಬಾಳಿನ ಬೆಲೆಯು ಕಡಮೆಯೆಂದು ಎಣಿಸಲಾಗದು. ಹಾಸಿಗೆ ಹಿಡಿದೂ ತೃಪ್ತರಾಗಿರುವವರುಂಟು. ನೆರವು ಎಲ್ಲಿ ಬೇಕೆಂಬುದನ್ನು ತೋರಿಸುವುದಷ್ಟೇ ಅಂಕದ ಕೆಲಸ.

ಭಕ್ತಮಹಾಶಯರೇ, ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೊರೆಯಾದೇವೆಂದು ನೋವನ್ನು ನುಂಗಿಕೊಳ್ಳುವರು. “ಚೆನ್ನಾಗಿದ್ದೇನಪ್ಪ” ಎಂಬ ಒಂದು ಮಾತಿಗೇ ತೃಪ್ತರಾಗಬೇಡಿರಿ. ಎಷ್ಟು ದೂರ ನಡೆದರು, ಎಷ್ಟು ರಾತ್ರಿ ನಿದ್ರೆ ಬಂದಿತು, ಯಾವ ಕೆಲಸವು ಕೈಬಿಟ್ಟಿತು ಎಂಬುದನ್ನು ಕೇಳಿ ಬರೆದುಕೊಂಡು, ಔಷಧದ ಚೀಟಿಯೊಡನೆ ವೈದ್ಯರ ಬಳಿಗೆ ಒಯ್ಯಿರಿ. ಹಸಿದವನಿಗೆ ಅನ್ನವನ್ನಿಡುವುದು ದಾಸೋಹವಾದರೆ, ನೊಂದವನ ಮಾತಿಗೆ ಕಿವಿಗೊಡುವುದೂ ಆ ಸೇವೆಯ ಒಂದಂಗವೇ ಸರಿ.